ಆಪರೇಷನ್ ಕೆಟ್ಟಿತು, ತಪ್ಪು ಯಾರದು? ಠಾಣೆಗೆ ಹೋಗುವ ಮುನ್ನ

ಒಂದು ಗಂಟೆಯ ಆಪರೇಷನ್ ಎಂದು ಹೇಳಿ ಒಳಗೆ ಕರೆದುಕೊಂಡು ಹೋಗಿರುತ್ತಾರೆ. ಮೂರು ಗಂಟೆ ಕಳೆದ ಮೇಲೆ ಹಸಿರು ಗೌನು ತೊಟ್ಟ ಯಾರೋ ಹೊರಬಂದು ‘ಸ್ವಲ್ಪ ಕಾಂಪ್ಲಿಕೇಷನ್ ಆಗಿದೆ, ಐಸಿಯುಗೆ ಶಿಫ್ಟ್ ಮಾಡಿದ್ದೇವೆ’ ಎನ್ನುತ್ತಾರೆ. ಅಲ್ಲಿಂದಾಚೆಗೆ ಯಾರೂ ಬಾಯಿ ಬಿಟ್ಟು ಮಾತಾಡುವುದಿಲ್ಲ. ಆಪರೇಷನ್ ಮಾಡಿದವರು ಸಿಗುವುದಿಲ್ಲ, ಬಿಲ್ ಕೌಂಟರಿನವರು ಮಾತ್ರ ಸಿಗುತ್ತಾರೆ. ಆ ಹೊತ್ತಿನಲ್ಲಿ ಮನೆಯವರಿಗೆ ಎರಡೇ ದಾರಿ ಕಾಣುತ್ತವೆ: ಹಣೆಬರಹ ಎಂದು ಸುಮ್ಮನಾಗುವುದು, ಇಲ್ಲವೇ ಊರಿನಿಂದ ಹತ್ತು ಜನರನ್ನು ಕರೆಸಿ ಆಸ್ಪತ್ರೆಯ ಮುಂದೆ ಕೂಗಾಡುವುದು. ಮೊದಲನೆಯದರಿಂದ ತಪ್ಪು ಮಾಡಿದವರು ಪಾರಾಗುತ್ತಾರೆ. ಎರಡನೆಯದರಿಂದಲೂ ಬಹಳ ಸಲ ಅವರೇ ಪಾರಾಗುತ್ತಾರೆ.

ಮೂರನೆಯ ದಾರಿಯೊಂದಿದೆ. ಅದು ನಿಧಾನದ ದಾರಿ, ಕಾಗದದ ದಾರಿ. ನೀವು ಆ ಕಾರಿಡಾರಿನಲ್ಲಿ ನಿಂತಿದ್ದರೆ, ಅಥವಾ ಅಲ್ಲಿಂದ ಮನೆಗೆ ಬಂದು ನಿದ್ದೆ ಬಾರದೆ ಕೂತಿದ್ದರೆ, ಈ ಲೇಖನ ನಿಮಗಾಗಿ.

ತಪ್ಪು ಚಿಕಿತ್ಸೆಗೆ ದಂಡನೆ ಎಂಬುದು ಈಗಿನ ಕಾಲದ ಹಟವಲ್ಲ. ಹಾದಿ ತಪ್ಪಿ ಚಿಕಿತ್ಸೆ ಮಾಡುವ ವೈದ್ಯನಿಗೆ ಯಾಜ್ಞವಲ್ಕ್ಯ ಸ್ಮೃತಿ ದಂಡ ವಿಧಿಸುತ್ತದೆ. ಆ ಸ್ಮೃತಿಗೆ ವಿಜ್ಞಾನೇಶ್ವರ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದದ್ದು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಸ್ಮೃತಿಯ ದಂಡದಲ್ಲಿ ಒಂದು ತಾರತಮ್ಯವಿತ್ತು: ರೋಗಿ ರಾಜಪುರುಷನಾದರೆ ದಂಡ ಹೆಚ್ಚು, ಸಾಮಾನ್ಯನಾದರೆ ಕಡಿಮೆ. ಇಂದಿನ ಕಾನೂನಿನಲ್ಲಿ ಆ ಭೇದ ಇಲ್ಲ. ಆದರೆ ಕಾಗದ ಹಿಡಿದು ಬಂದವನಿಗೂ ಬರಿಗೈಯಲ್ಲಿ ಬಂದವನಿಗೂ ಭೇದ ಇದ್ದೇ ಇದೆ.

ಕೇಸು ಯಾಕೆ ಬೀಳುತ್ತದೆ?

ಆಪರೇಷನ್ ಕೆಟ್ಟ ಎಲ್ಲ ಪ್ರಸಂಗಗಳೂ ಒಂದೇ ಅಲ್ಲ. ಕಾನೂನಿನ ಕಣ್ಣಿಗೆ ಅವು ಮೂರು ಮೆಟ್ಟಿಲು.

ಮೊದಲನೆಯದು ನಿಜವಾದ ಕಾಂಪ್ಲಿಕೇಷನ್. ಎಲ್ಲ ಸರಿಯಾಗಿ ಮಾಡಿದರೂ ರಕ್ತ ಹೆಪ್ಪುಗಟ್ಟಬಹುದು, ಸೋಂಕು ತಗುಲಬಹುದು. ಇದರಲ್ಲಿ ಯಾರ ತಪ್ಪೂ ಇಲ್ಲ. ಎರಡನೆಯದು ನಿರ್ಲಕ್ಷ್ಯ: ಅದೇ ವಿದ್ಯೆ ಕಲಿತ ಸಾಧಾರಣ ವೈದ್ಯರೊಬ್ಬರು ವಹಿಸುತ್ತಿದ್ದ ಎಚ್ಚರವನ್ನು ಇವರು ವಹಿಸಲಿಲ್ಲ. ಇದಕ್ಕೆ ಪರಿಹಾರ ಹಣದ ರೂಪದಲ್ಲಿ, ಗ್ರಾಹಕ ಆಯೋಗದಲ್ಲೋ ಸಿವಿಲ್ ನ್ಯಾಯಾಲಯದಲ್ಲೋ ಸಿಗುತ್ತದೆ. ಮೂರನೆಯದು ಘೋರ ನಿರ್ಲಕ್ಷ್ಯ: ಬುದ್ಧಿ ನೆಟ್ಟಗಿರುವ ಯಾವ ವೈದ್ಯರೂ ಹಾಗೆ ಮಾಡುತ್ತಿರಲಿಲ್ಲ ಎನ್ನುವಂಥದ್ದು. ಕ್ರಿಮಿನಲ್ ಕೇಸು ನಿಲ್ಲುವುದು ಈ ಮೂರನೆಯ ಮೆಟ್ಟಿಲಲ್ಲಿ ಮಾತ್ರ.

ಈ ಗೆರೆಯನ್ನು ಎಳೆದದ್ದು ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರ ಆಗಸ್ಟ್‌ನಲ್ಲಿ ಕೊಟ್ಟ ತೀರ್ಪು. 1995ರಲ್ಲಿ ಲುಧಿಯಾನದ ಆಸ್ಪತ್ರೆಯೊಂದರಲ್ಲಿ ಉಸಿರಾಟಕ್ಕೆ ಒದ್ದಾಡುತ್ತಿದ್ದ ರೋಗಿಗೆ ಆಮ್ಲಜನಕದ ಸಿಲಿಂಡರ್ ತಂದರು. ಅದು ಖಾಲಿ ಇತ್ತು, ರೋಗಿ ತೀರಿಕೊಂಡರು. ಇಷ್ಟಾದರೂ ವೈದ್ಯರ ಮೇಲಿನ ಕ್ರಿಮಿನಲ್ ಕೇಸನ್ನು ನ್ಯಾಯಾಲಯ ರದ್ದುಮಾಡಿತು. ಸಿಲಿಂಡರ್ ಸಿದ್ಧವಿಡದ ಹೊಣೆ ಆಸ್ಪತ್ರೆಯ ಮೇಲೆ ಸಿವಿಲ್ ಆಗಿ ಬರಬಹುದು, ವೈದ್ಯರನ್ನು ಅಪರಾಧಿಯಾಗಿಸಲು ಅದು ಸಾಲದು ಎಂದಿತು. ಓದುವಾಗ ಹೊಟ್ಟೆ ಉರಿಯುತ್ತದೆ, ನನಗೂ ಉರಿದಿದೆ. ಆದರೆ ನ್ಯಾಯಾಲಯ ಕೊಟ್ಟ ಕಾರಣವನ್ನು ತಳ್ಳಿಹಾಕಲಾಗದು: ಪ್ರತಿ ಸಾವಿಗೂ ಜೈಲು ಕಾದಿದೆ ಎಂದಾದರೆ ಕೈ ನಡುಗುವ ಸರ್ಜನ್ ಕಷ್ಟದ ರೋಗಿಯನ್ನು ಮುಟ್ಟುವುದೇ ಇಲ್ಲ.

ಹಾಗಾದರೆ ಮೂರನೆಯ ಮೆಟ್ಟಿಲು ಹತ್ತುವುದು ಯಾವುದು? ಎಡಗಾಲಿನ ಬದಲು ಬಲಗಾಲು ಕೊಯ್ದದ್ದು, ಕುಡಿದು ಥಿಯೇಟರಿಗೆ ಬಂದದ್ದು, ಆ ಆಪರೇಷನ್ನಿಗೆ ಬೇಕಾದ ತರಬೇತಿಯೇ ಇಲ್ಲದೆ ಕೈ ಹಾಕಿದ್ದು, ಅರಿವಳಿಕೆ ತಜ್ಞರಿಲ್ಲದೆ ಮಾಡಿದ್ದು. ಇಂಥವನ್ನು ‘ಹೀಗೂ ಆಗಬಹುದು’ ಎಂದು ಸಮರ್ಥಿಸಲು ಇನ್ನೊಬ್ಬ ವೈದ್ಯರಿಗೂ ಕಷ್ಟ. 2014ರ ನವೆಂಬರ್‌ನಲ್ಲಿ ಛತ್ತೀಸಗಡದ ಬಿಲಾಸಪುರದ ಬಳಿ, ಬಳಕೆ ನಿಂತಿದ್ದ ಆಸ್ಪತ್ರೆಯೊಂದರಲ್ಲಿ ಒಬ್ಬನೇ ವೈದ್ಯ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿದ; ಹನ್ನೆರಡಕ್ಕೂ ಹೆಚ್ಚು ತಾಯಂದಿರು ಸತ್ತರು. ಆ ಸಂಖ್ಯೆ ಮತ್ತು ಆ ಗಂಟೆಗಳೇ ಒಂದು ಸಾಕ್ಷ್ಯ.

ಕಲಮುಗಳು, ಚುಟುಕಾಗಿ

2024ರ ಜುಲೈ 1ರ ನಂತರದ ಘಟನೆಗೆ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ, ಅದಕ್ಕೂ ಹಿಂದಿನದಕ್ಕೆ ಹಳೆಯ ಐಪಿಸಿ 304ಎ. ಹೊಸ ಸಂಹಿತೆಯ 106(1)ನೇ ಕಲಮಿನಡಿ ನಿರ್ಲಕ್ಷ್ಯದಿಂದಾದ ಸಾವಿಗೆ 5 ವರ್ಷದವರೆಗೆ ಸಜೆ. ನೋಂದಾಯಿತ ವೈದ್ಯರು ವೈದ್ಯಕೀಯ ಕ್ರಿಯೆ ನಡೆಸುವಾಗ ಆದ ಸಾವಾದರೆ 2 ವರ್ಷದವರೆಗೆ. ರೋಗಿ ಬದುಕಿದ್ದು ತೀವ್ರ ಗಾಯ ಅಥವಾ ಊನವಾಗಿದ್ದರೆ 125(ಬಿ), 3 ವರ್ಷದವರೆಗೆ.

ಇಲ್ಲೊಂದು ಸೂಕ್ಷ್ಮವಿದೆ. ಈ 2 ವರ್ಷದ ರಿಯಾಯಿತಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಡಿ ಮಾನ್ಯವಾದ ಪದವಿ ಇದ್ದು, ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರಿರುವವರಿಗೆ ಮಾತ್ರ. ಹೆಸರಿಲ್ಲದವರು ಹೊಟ್ಟೆ ಕೊಯ್ದಿದ್ದರೆ ಅವರಿಗೆ 5 ವರ್ಷದ ಕಲಮೇ. ಹಾಗಾಗಿ ಬೋರ್ಡಿನ ಮೇಲಿನ ಪದವಿಯನ್ನು ನಂಬಿ ಕೂರಬೇಡಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಸಂಖ್ಯೆಯನ್ನು ಮೊದಲೇ ಪರೀಕ್ಷಿಸಿಕೊಳ್ಳಿ.

ಏನು ಮಾಡಬೇಕು, ಯಾವ ಕ್ರಮದಲ್ಲಿ

1. ಕೇಸ್ ಶೀಟ್ ಕೇಳಿ, ಬರವಣಿಗೆಯಲ್ಲಿ ಕೇಳಿ. ಎಲ್ಲಕ್ಕಿಂತ ಮೊದಲು ಇದು. ಥಿಯೇಟರಿನ ಒಳಗೆ ನೀವಿರಲಿಲ್ಲ. ಒಳಗೆ ನಡೆದದ್ದಕ್ಕೆ ಉಳಿದಿರುವ ಸಾಕ್ಷಿ ಕಾಗದವೊಂದೇ. ದಿನ ಕಳೆದಂತೆ ಅದು ತಿದ್ದುಪಡಿಯಾಗುವ, ಕಾಣೆಯಾಗುವ ಅಪಾಯ ಹೆಚ್ಚುತ್ತದೆ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೇಳಿದ 72 ಗಂಟೆಗಳಲ್ಲಿ ದಾಖಲೆ ಕೊಡಬೇಕು, ಕೊಡದಿರುವುದೇ ದುರ್ನಡತೆ. ಅರ್ಜಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ಮೊಹರು ಮತ್ತು ತಾರೀಕು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಅದೇ ದಿನ ಸ್ವೀಕೃತಿಯೊಂದಿಗೆ ನೋಂದಾಯಿತ ಅಂಚೆಯಲ್ಲಿ ಹಾಕಿ, ಇಮೇಲನ್ನೂ ಕಳಿಸಿ.

‘ಎಲ್ಲ ದಾಖಲೆ ಕೊಡಿ’ ಎಂದರೆ ಡಿಸ್ಚಾರ್ಜ್ ಸಮ್ಮರಿ ಕೈಗಿಟ್ಟು ಕಳಿಸುತ್ತಾರೆ. ಹೆಸರು ಹಿಡಿದು ಕೇಳಿ: ಆಪರೇಷನ್ ನೋಟ್ಸ್, ಅರಿವಳಿಕೆಯ ಚಾರ್ಟ್, ಒಪ್ಪಿಗೆ ಪತ್ರ, ನರ್ಸುಗಳ ದಿನಚರಿ, ಔಷಧಿ ಚಾರ್ಟ್, ಲ್ಯಾಬ್ ವರದಿಗಳು, ಸ್ಕ್ಯಾನ್‌ನ ಸಿಡಿ, ಬಯಾಪ್ಸಿ ವರದಿ, ಮತ್ತು ಶಸ್ತ್ರಚಿಕಿತ್ಸಾ ಸುರಕ್ಷತೆಯ ಚೆಕ್‌ಲಿಸ್ಟ್. ಕೊನೆಯದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ರೂಪಿಸಿದ 19 ಅಂಶಗಳ ಪಟ್ಟಿ. ಅರಿವಳಿಕೆಗೆ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿ ಹೊರಹೋಗುವ ಮುನ್ನ, ಹೀಗೆ ಮೂರು ಸಲ ನಿಂತು ನೋಡಬೇಕಾದ್ದು: ರೋಗಿ ಇವರೇನಾ, ಅಂಗ ಇದೇನಾ, ಹತ್ತಿ–ಬಟ್ಟೆ–ಉಪಕರಣಗಳ ಎಣಿಕೆ ಸರಿಯಿದೆಯಾ. ಎಣಿಕೆಯ ಕಾಲಂ ಖಾಲಿ ಇದ್ದರೆ, ಆ ಖಾಲಿ ಜಾಗ ನಿಮ್ಮ ಪರವಾಗಿ ಮಾತಾಡುತ್ತದೆ.

ಮನೆಯಲ್ಲಿರುವ ಹಳೆಯ ಕಾಗದಗಳನ್ನೂ ತೆಗೆದಿಡಿ. ಕೋಯಿಕ್ಕೋಡಿನಲ್ಲಿ 2017ರ ಸಿಸೇರಿಯನ್ ನಂತರ ತಾಯಿಯೊಬ್ಬರು ಐದು ವರ್ಷ ನೋವು ಉಂಡರು. 2022ರಲ್ಲಿ ಹೊಟ್ಟೆಯಿಂದ ಫೋರ್ಸೆಪ್ಸ್ ಹೊರತೆಗೆದರು. ಹಿಂದೆಯೂ ಆಪರೇಷನ್ ಆಗಿದ್ದರಿಂದ, ಯಾವುದರಲ್ಲಿ ಉಳಿದದ್ದು ಎಂಬ ಪ್ರಶ್ನೆ ಎದ್ದಿತು. ಆ ಸಿಸೇರಿಯನ್‌ಗೆ ಮುಂಚೆ ಬೇರೊಂದು ಆಸ್ಪತ್ರೆಯಲ್ಲಿ ಮಾಡಿಸಿದ್ದ ಎಂಆರ್‌ಐನಲ್ಲಿ ಲೋಹ ಕಾಣಿಸಿರಲಿಲ್ಲ. ಪೊಲೀಸರು ಉತ್ತರ ಹಿಡಿದದ್ದು ಅದರಿಂದ. ಯಾರಿಗೂ ಬೇಡವಾಗಿದ್ದ ಹಳೆಯ ಸ್ಕ್ಯಾನು!

ಕೊಟ್ಟ ಔಷಧಿಯ ಪಟ್ಟಿ, ಡ್ರಿಪ್ ಬಾಟಲಿಯ ಬ್ಯಾಚ್ ಸಂಖ್ಯೆ ಸಿಕ್ಕರೆ ಫೋಟೊ ತೆಗೆದಿಡಿ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಶಂಕೆ ಹೋದದ್ದು ಸರ್ಜನ್ನರ ಕೈಯ ಮೇಲಲ್ಲ, ರಕ್ತನಾಳಕ್ಕೆ ಏರಿಸಿದ ದ್ರಾವಣದ ಮೇಲೆ. ತಪ್ಪು ಎಲ್ಲಿದೆ ಎಂದು ನೀವೇ ಮೊದಲು ತೀರ್ಮಾನಿಸಿಬಿಟ್ಟರೆ ನಿಜವಾದ ತಪ್ಪಿತಸ್ಥರು ಪಕ್ಕದ ಬಾಗಿಲಿನಿಂದ ಹೊರಟುಹೋಗುತ್ತಾರೆ.

2. ಸಾವಾಗಿದ್ದರೆ ಶವಪರೀಕ್ಷೆ ಮಾಡಿಸಿ. ಇದನ್ನು ಬರೆಯುವುದೂ ಕಷ್ಟ, ಕೇಳುವುದೂ ಕಷ್ಟ. ‘ಮತ್ತೆ ಕೊಯ್ಯುವುದು ಬೇಡ’ ಎಂದು ಹಿರಿಯರು ಅಳುತ್ತಾರೆ. ಆದರೆ ಅಂತ್ಯಸಂಸ್ಕಾರವಾದ ಮೇಲೆ ಸಾವಿನ ಕಾರಣ ಹೇಳುವವರು ಆಸ್ಪತ್ರೆಯವರೊಬ್ಬರೇ. ಠಾಣೆಗೆ ಲಿಖಿತ ದೂರು ಕೊಟ್ಟು ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ ಪಂಚನಾಮೆ ಮತ್ತು ಶವಪರೀಕ್ಷೆ ಕೋರಿ. ಆಪರೇಷನ್ ನಡೆದ ಆಸ್ಪತ್ರೆಯಲ್ಲಿ ಬೇಡ, ಬೇರೆ ಸರ್ಕಾರಿ ಆಸ್ಪತ್ರೆಯಲ್ಲಿ, ವಿಡಿಯೊ ಚಿತ್ರೀಕರಣದೊಂದಿಗೆ ಆಗಲಿ ಎಂದು ಅದರಲ್ಲೇ ಬರೆಯಿರಿ. ಬಿಲ್ ಬಾಕಿ ಇದೆ ಎಂದು ಶವ ತಡೆಹಿಡಿಯುವಂತಿಲ್ಲ. 2017ರಲ್ಲಿ ತಿದ್ದುಪಡಿಯಾದ ನಮ್ಮ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ, ಅದನ್ನು ಸ್ಪಷ್ಟವಾಗಿ ಹೇಳುತ್ತದೆ.

3. ಅದೇ ವಿಭಾಗದ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಕ್ರಿಮಿನಲ್ ಕೇಸಿನ ಬೆನ್ನುಮೂಳೆ ಇದೇ. ಖಾಸಗಿ ದೂರಿನ ಜೊತೆ ಇನ್ನೊಬ್ಬ ಸಮರ್ಥ ವೈದ್ಯರ ನಂಬಲರ್ಹ ಅಭಿಪ್ರಾಯ ಇರಬೇಕು; ತನಿಖಾಧಿಕಾರಿಯೂ ಮುಂದುವರಿಯುವ ಮುನ್ನ ಆ ಶಾಖೆಯ ಸ್ವತಂತ್ರ ವೈದ್ಯರ, ಸಾಧ್ಯವಾದರೆ ಸರ್ಕಾರಿ ಸೇವೆಯಲ್ಲಿರುವವರ, ಅಭಿಪ್ರಾಯ ಪಡೆಯಬೇಕು ಎಂದು 2005ರ ಅದೇ ತೀರ್ಪು ಹೇಳಿದೆ. ಈ ಒಂದು ಕಾಗದವಿಲ್ಲದೆ ಹೈಕೋರ್ಟಿನಲ್ಲಿ ಬಿದ್ದುಹೋಗುವ ಎಫ್‌ಐಆರ್‌ಗಳಿಗೆ ಲೆಕ್ಕವಿಲ್ಲ.

ಆದರೆ ವೈದ್ಯರ ವಿರುದ್ಧ ವೈದ್ಯರು ಬರೆದುಕೊಡುತ್ತಾರೆಯೇ? ಅದೇ ಊರಿನವರು ಬರೆಯುವುದು ಅಪರೂಪ. ಬೇರೆ ಜಿಲ್ಲೆಗೆ ಹೋಗಿ, ನಿವೃತ್ತ ಪ್ರಾಧ್ಯಾಪಕರನ್ನು ಹುಡುಕಿ. ‘ಅವರದು ತಪ್ಪು ಎಂದು ಬರೆದುಕೊಡಿ’ ಎಂದು ಕೇಳಬೇಡಿ, ಯಾರೂ ಬರೆಯುವುದಿಲ್ಲ. ಕಡತ ಮುಂದಿಟ್ಟು ಪ್ರಶ್ನೆ ಕೇಳಿ: ಈ ಹಂತದಲ್ಲಿ ಯಾವ ಪರೀಕ್ಷೆ ಆಗಬೇಕಿತ್ತು? ರಕ್ತದೊತ್ತಡ ಇಷ್ಟು ಇಳಿದಾಗ ಎಷ್ಟು ಹೊತ್ತಿನಲ್ಲಿ ಮತ್ತೆ ಹೊಟ್ಟೆ ತೆರೆಯಬೇಕಿತ್ತು? ಪ್ರಶ್ನೆಗೆ ಪ್ರಾಮಾಣಿಕ ವೈದ್ಯರು ಉತ್ತರ ಕೊಡುತ್ತಾರೆ. ಎಷ್ಟೋ ಸಲ ಆ ಉತ್ತರದಿಂದಲೇ ‘ಇಲ್ಲ, ಇದು ಯಾರ ತಪ್ಪೂ ಅಲ್ಲ’ ಎಂದು ತಿಳಿದು ಮನಸ್ಸು ಹಗುರಾದವರೂ ಇದ್ದಾರೆ. ಅದೂ ಬೇಕಾದದ್ದೇ.

4. ಯಾವ ಬಾಗಿಲು ತಟ್ಟಬೇಕು ಎಂದು ನಿರ್ಧರಿಸಿ. ನಾಲ್ಕು ಬಾಗಿಲುಗಳಿವೆ, ಒಂದು ತಟ್ಟಿದರೆ ಇನ್ನೊಂದು ಮುಚ್ಚುವುದಿಲ್ಲ.

ಪರಿಹಾರದ ಹಣಕ್ಕೆ ಗ್ರಾಹಕ ಆಯೋಗ. ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಇದರ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಸಿವಿಲ್ ನ್ಯಾಯಾಲಯ ಅಥವಾ ಹೈಕೋರ್ಟ್. ವೈದ್ಯರ ಲೈಸೆನ್ಸ್ ಪ್ರಶ್ನಿಸಲು ಕರ್ನಾಟಕ ವೈದ್ಯಕೀಯ ಪರಿಷತ್ತು. ನೋಂದಣಿಯನ್ನು ಅಮಾನತಿನಲ್ಲಿಡುವ, ಹೆಸರನ್ನೇ ತೆಗೆದುಹಾಕುವ ಅಧಿಕಾರ ಅದಕ್ಕಿದೆ. ಖಾಸಗಿ ಆಸ್ಪತ್ರೆಯ ನೋಂದಣಿ, ದರ, ರೋಗಿಯ ಹಕ್ಕುಗಳ ಉಲ್ಲಂಘನೆಗೆ ಜಿಲ್ಲಾಧಿಕಾರಿಗಳ ನೇತೃತ್ವದ ಕೆಪಿಎಂಇ ಪ್ರಾಧಿಕಾರ. ಸಜೆಗೆ ಪೊಲೀಸ್ ಠಾಣೆ. ಅಪಾಯಕಾರಿ ವೈದ್ಯರೊಬ್ಬರು ನಾಳೆ ಬೆಳಗ್ಗೆಯೇ ಇನ್ನೊಬ್ಬರ ಹೊಟ್ಟೆ ಕೊಯ್ಯುವುದನ್ನು ತಡೆಯಬೇಕಿದ್ದರೆ, ನನ್ನ ಮಟ್ಟಿಗೆ ಪರಿಷತ್ತಿನ ದೂರು ಮೊದಲು. ಕ್ರಿಮಿನಲ್ ವಿಚಾರಣೆ ಮುಗಿಯಲು ವರ್ಷಗಳು ಬೇಕು, ಅಲ್ಲಿಯವರೆಗೂ ಅವರು ಆಪರೇಷನ್ ಮಾಡುತ್ತಲೇ ಇರಬಹುದು.

5. ದೂರಿನಲ್ಲಿ ಬೈಗುಳ ಬೇಡ, ಗಡಿಯಾರ ಇರಲಿ. ‘ಹಣಕ್ಕಾಗಿ ಕೊಂದರು’ ಎಂಬ ವಾಕ್ಯದಿಂದ ಏನೂ ಆಗುವುದಿಲ್ಲ. ‘ಸಂಜೆ 6ಕ್ಕೆ ಹೊಟ್ಟೆ ಉಬ್ಬಿರುವುದನ್ನು ನರ್ಸಿಗೆ ತೋರಿಸಿದೆವು, ರಾತ್ರಿ 11ರವರೆಗೆ ವೈದ್ಯರು ಬರಲಿಲ್ಲ, ನರ್ಸುಗಳ ದಿನಚರಿಯಲ್ಲೂ ಹಾಗೆಯೇ ಇದೆ’ ಎಂಬುದರಿಂದ ಆಗುತ್ತದೆ. ಪೊಲೀಸರು ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ಮಾಡುತ್ತೇವೆ ಎಂದರೆ ಅದು ಸಬೂಬಲ್ಲ. ವೈದ್ಯಕೀಯ ನಿರ್ಲಕ್ಷ್ಯದ ದೂರಿನಲ್ಲಿ ಹಾಗೆ ಮಾಡಬಹುದೆಂದು ಲಲಿತಾ ಕುಮಾರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ದೂರನ್ನೇ ತೆಗೆದುಕೊಳ್ಳದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173(4)ನೇ ಕಲಮಿನಡಿ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. ಸರ್ಕಾರಿ ವೈದ್ಯರಾದರೆ ವಿಚಾರಣೆಗೆ ಸರ್ಕಾರದ ಮಂಜೂರಾತಿಯ ಪ್ರಶ್ನೆ ಎದುರಾಗಬಹುದು. ವಕೀಲರನ್ನು ಮೊದಲೇ ಕೇಳಿಕೊಳ್ಳಿ.

6. ಕಾಲಮಿತಿ ಮರೆಯಬೇಡಿ. ಗ್ರಾಹಕ ದೂರಿಗೆ 2 ವರ್ಷ. ನೋಂದಾಯಿತ ವೈದ್ಯರ ಮೇಲೆ 106(1) ಅಥವಾ 125(ಬಿ) ಅಡಿಯ ಕ್ರಿಮಿನಲ್ ಪ್ರಕರಣಕ್ಕೆ 3 ವರ್ಷ. ಒಬ್ಬ ನರ್ಸಿಗೆ 1993ರಲ್ಲಿ ಪಿತ್ತಕೋಶದ ಆಪರೇಷನ್ ಆಯಿತು. ಒಂಬತ್ತು ವರ್ಷ ನೋವಿನ ಮಾತ್ರೆಯಲ್ಲೇ ದಿನ ದೂಡಿದರು. 2002ರಲ್ಲಿ ಹೊಟ್ಟೆಯಿಂದ ಗಾಜ್ ಬಟ್ಟೆ ತೆಗೆದರು. ಅವರ ದೂರನ್ನು 2010ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು: ಇಷ್ಟು ವರ್ಷ ನೋವಿದ್ದೂ ಯಾಕೆ ತೋರಿಸಿಕೊಳ್ಳಲಿಲ್ಲ ಎಂದು ಕೇಳಿತು. ಗಾಜ್ ಉಳಿದಿದ್ದ ಸಂಗತಿ ಅವರ ಕೈ ಹಿಡಿಯಲಿಲ್ಲ.

7. ನಿಮ್ಮಂಥವರು ಇನ್ನೆಷ್ಟು ಜನ ಎಂದು ಹುಡುಕಿ. ಒಬ್ಬ ರೋಗಿಯ ಕೇಸನ್ನು ‘ಕಾಂಪ್ಲಿಕೇಷನ್’ ಎಂಬ ಒಂದೇ ಪದದಿಂದ ಮುಚ್ಚಬಹುದು. ಮೂವತ್ತು ರೋಗಿಗಳ ಕೇಸನ್ನು ಮುಚ್ಚಲಾಗದು.

ಅಮೆರಿಕದ ಡಲ್ಲಾಸ್‌ನಲ್ಲಿ ಕ್ರಿಸ್ಟೋಫರ್ ಡಂಚ್ ಎಂಬ ಬೆನ್ನುಹುರಿಯ ಸರ್ಜನ್ 2011ರಿಂದ 2013ರ ನಡುವೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುತ್ತ ಸುಮಾರು 38 ಜನರಿಗೆ ಆಪರೇಷನ್ ಮಾಡಿದ. ಹೆಚ್ಚಿನವರು ಊನರಾದರು, ಇಬ್ಬರು ಸತ್ತರು. ಜೊತೆಗೆ ಕೆಲಸ ಮಾಡಿದ್ದ ಸರ್ಜನ್ನರೇ ದೂರು ಕೊಟ್ಟರು. 2017ರಲ್ಲಿ ಅವನಿಗೆ ಜೀವಾವಧಿ ಸಜೆಯಾಯಿತು. ವಿಚಾರಣೆ ನಡೆದದ್ದು ಒಬ್ಬ ವೃದ್ಧೆಯ ಪ್ರಕರಣದಲ್ಲಿ, ಆದರೆ ಉಳಿದ ರೋಗಿಗಳ ಸಾಕ್ಷ್ಯವೂ ನ್ಯಾಯಾಲಯದ ಮುಂದೆ ಬಂತು. ಇಷ್ಟು ಜನರಿಗೆ ಹೀಗಾಗಿದ್ದೂ ಕತ್ತಿ ಹಿಡಿದನೆಂದರೆ ಅವನಿಗೆ ಪರಿಣಾಮ ಗೊತ್ತಿತ್ತು ಎಂಬುದು ಹಾಗೆ ಸಾಬೀತಾಯಿತು.

ಇದಕ್ಕಾಗಿ ಡಲ್ಲಾಸಿಗೆ ಹೋಗಬೇಕಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ತಾಂಡಾಗಳ ಮತ್ತು ದಲಿತ ಕೇರಿಗಳ ಹೆಂಗಸರು ಬಿಳಿಮುಟ್ಟು, ಹೊಟ್ಟೆನೋವು ಎಂದು ಹೋದರೆ ಗರ್ಭಕೋಶವನ್ನೇ ತೆಗೆದು ಕಳಿಸುತ್ತಿದ್ದರು ಎಂಬುದು ಬೆಳಕಿಗೆ ಬಂದದ್ದು, ಕರ್ನಾಟಕ ಜನಾರೋಗ್ಯ ಚಳವಳಿಯ ಕಾರ್ಯಕರ್ತರು ಮನೆಮನೆಗೆ ಹೋಗಿ ಕೇಳಿದಾಗ. ಅಲ್ಲಿಯವರೆಗೆ ಪ್ರತಿಯೊಬ್ಬರೂ ಇದು ತನ್ನೊಬ್ಬಳ ಕರ್ಮ ಎಂದುಕೊಂಡಿದ್ದರು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲೂ ಅಂಥದೇ ಆರೋಪ ಹೊತ್ತು ಲಂಬಾಣಿ ಹೆಂಗಸರು ವರ್ಷಗಟ್ಟಲೆ ಬೀದಿಗಿಳಿದು ಹೋರಾಡಿದರು. ಅಗತ್ಯವಿಲ್ಲದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿಮಾಡಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು. ನಿಮ್ಮ ಊರಿನಲ್ಲಿ, ಅದೇ ವಾರ್ಡಿನಲ್ಲಿ ಮಲಗಿದ್ದವರಲ್ಲಿ ಕೇಳಿ ನೋಡಿ. ಹೆಸರು, ತಾರೀಕು, ಆಪರೇಷನ್, ಆಮೇಲೇನಾಯಿತು ಎಂಬ ನಾಲ್ಕು ಕಾಲಂ ಹಾಕಿ ಒಂದು ಪಟ್ಟಿ ಮಾಡಿ. ಅವರ ಒಪ್ಪಿಗೆಯಿಲ್ಲದೆ ಆ ಪಟ್ಟಿಯನ್ನು ಯಾರಿಗೂ ಕೊಡಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕೈ ಮಾಡುವುದು. ಆಸ್ಪತ್ರೆಯ ಗಾಜು ಒಡೆದ ಗಳಿಗೆಯಲ್ಲಿ ನೀವು ದೂರುದಾರರಿಂದ ಆರೋಪಿಯಾಗುತ್ತೀರಿ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆಯೇ ಇದೆ.

ಕೊಲೆ ಕೇಸು ಹಾಕಿಸುವುದು. 2022ರ ಮಾರ್ಚ್‌ನಲ್ಲಿ ರಾಜಸ್ಥಾನದ ಲಾಲ್‌ಸೋಟ್‌ನಲ್ಲಿ ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಿಯೊಬ್ಬರು ಸತ್ತಾಗ ವೈದ್ಯೆಯ ಮೇಲೆ ಕೊಲೆಯ ಎಫ್‌ಐಆರ್ ಆಯಿತು. ಮರುದಿನ ಆ ವೈದ್ಯೆ ಪ್ರಾಣ ಕಳೆದುಕೊಂಡರು. ಹೆರಿಗೆಯಲ್ಲಿ ಅಂಥ ರಕ್ತಸ್ರಾವ ಎಚ್ಚರವಿದ್ದವರ ಕೈಯಲ್ಲೂ ಆಗುತ್ತದೆ. ಅಪಾಯಕಾರಿ ವೈದ್ಯರನ್ನು ಹಿಡಿಯಬೇಕೆನ್ನುವವರು ಮೊದಲು ಒಳ್ಳೆಯ ವೈದ್ಯರನ್ನು ಬಿಡಲು ಕಲಿಯಬೇಕು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೇವೆ, ಮುಗಿಯಿತು ಎಂದುಕೊಳ್ಳುವುದು. ಆ ಸಹಿ ಹೇಳಿದ ಆಪರೇಷನ್ನಿಗೆ ಮಾತ್ರ, ನಿರ್ಲಕ್ಷ್ಯಕ್ಕೆ ಅಲ್ಲ. ಪರೀಕ್ಷೆಗೆಂದು ಲ್ಯಾಪರೊಸ್ಕೋಪಿಗೆ ಒಪ್ಪಿದ್ದ ಮಹಿಳೆಗೆ ಎಚ್ಚರ ತಪ್ಪಿದ್ದಾಗ ಹೊರಗಿದ್ದ ತಾಯಿಯ ಸಹಿ ಪಡೆದು ಗರ್ಭಕೋಶ, ಅಂಡಾಶಯ ತೆಗೆದದ್ದು ತಪ್ಪು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿದೆ. ಸಹಿ ಹಾಕುವಾಗ ಖಾಲಿ ಜಾಗಗಳಿಗೆ ಗೆರೆ ಎಳೆಯಿರಿ, ಫೋಟೊ ತೆಗೆಯಿರಿ, ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ.

ರಾಜಿ ಪತ್ರ. ‘ಬಿಲ್ ಮನ್ನಾ ಮಾಡುತ್ತೇವೆ, ಇಲ್ಲಿ ಒಂದು ಸಹಿ’ ಎಂದು ಶವದ ಪಕ್ಕದಲ್ಲೇ ಕಾಗದ ಹಿಡಿಯುವುದುಂಟು. ಅದರಲ್ಲಿ ‘ಚಿಕಿತ್ಸೆಯ ಬಗ್ಗೆ ಯಾವ ದೂರೂ ಇಲ್ಲ’ ಎಂಬ ಸಾಲು ಇದ್ದೇ ಇರುತ್ತದೆ. ಆ ದಿನ ಯಾವುದಕ್ಕೂ ಸಹಿ ಹಾಕಬೇಡಿ.

ವಿಡಿಯೊ ಮಾಡಿ ವಾಟ್ಸ್ಆ್ಯಪ್‌ನಲ್ಲಿ ವೈದ್ಯರ ಹೆಸರು, ಫೋಟೊ ಹರಿಬಿಡುವುದು. ಮಾನನಷ್ಟದ ಕೇಸು ನಿಮ್ಮ ಮೇಲೆಯೇ ತಿರುಗುತ್ತದೆ.

ಒಂದು ಎಚ್ಚರಿಕೆ, ಒಂದು ನೆರವು

ರೋಗಿ ಬದುಕಿದ್ದರೆ ಅವರ ಚಿಕಿತ್ಸೆ ಮೊದಲು, ಕೇಸು ಆಮೇಲೆ. ಬೇರೆ ಆಸ್ಪತ್ರೆಗೆ ಸಾಗಿಸುವಾಗ ಅಲ್ಲಿನ ವೈದ್ಯರಿಗೆ ಹಿಂದೆ ನಡೆದದ್ದನ್ನು ಪೂರ್ತಿ ಹೇಳಿ. ಅವರು ಬರೆದುಕೊಳ್ಳುವ ಮೊದಲ ದಿನದ ಟಿಪ್ಪಣಿ ಮುಂದೆ ನಿಮ್ಮ ಗಟ್ಟಿ ಸಾಕ್ಷ್ಯವಾಗುತ್ತದೆ. ಎರಡನೇ ಆಪರೇಷನ್ನಿನಲ್ಲಿ ಏನಾದರೂ ಹೊರತೆಗೆದರೆ ಅದನ್ನು ಎಸೆಯದೆ ಮೊಹರು ಮಾಡಿ ಇಡುವಂತೆ, ಫೋಟೊ ತೆಗೆದು ನೋಟ್ಸ್‌ನಲ್ಲಿ ಬರೆಯುವಂತೆ ಮೊದಲೇ ಲಿಖಿತವಾಗಿ ಕೋರಿ.

ವಕೀಲರಿಗೆ ಹಣವಿಲ್ಲ ಎಂದು ಹಿಂದೆ ಸರಿಯಬೇಡಿ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರು ಉಚಿತ. ಉಳಿದವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100. ಹೋಗುವಾಗ ಮೊಹರು ಹಾಕಿಸಿಕೊಂಡ ಆ ಅರ್ಜಿಯ ಪ್ರತಿ ಕೈಯಲ್ಲಿರಲಿ. ಅವರು ಮೊದಲು ಕೇಳುವುದು ಅದನ್ನೇ.